ತೊಡೆಯ ಮೇಲಿನ ಮಗು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ನಮ್ಮ ದೊಡ್ಡಮ್ಮನ ಪಾಲಿನ ಸಿಟ್ಟನ್ನೂ ನಾನೇ ಮಾಡಬೇಕಾಗಿರುವುದರಿಂದ ನನ್ನ ಹತ್ತಿರ ದಾಸ್ತಾನು ಸ್ವಲ್ಪ ಜಾಸ್ತಿಯೇ ಇರಬೇಕು. ಅವಳಿಗೆ ಸಿಟ್ಟೆಂಬುದೇ ಬರುವುದಿಲ್ಲ. ಬಸ್ಸಿನಲ್ಲಿ ತನ್ನ ಕಾಲು ತುಳಿದವನನ್ನೇ "ಎಡವಿದೆಯೇನಪ್ಪ, ನೋವಾಯ್ತಾ?" ಎಂದು ಕೇಳುವ ಪೈಕಿ.

ದೊಡ್ಡಮ್ಮ ಎಂದರೆ ನನ್ನ ಅಮ್ಮನ ಅಕ್ಕ. ಪ್ರಾಯದಲ್ಲಿ ಒಂದು ದೊಡ್ಡ ಬಂಗಲೆಯಲ್ಲಿ ಮಗು ನೋಡಿಕೊಳ್ಳುವ ಆಯಾ ಆಗಿದ್ದಳು. ಆಮೇಲೆ ಕೈಯಲ್ಲಿ ಕಸುವು ಇರುವವರೆಗೂ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿದಳು. ಈಗಲೂ ಯಾರದಾದರೂ ಕಾಲರ್ ಮುದುರಿದ್ದರೆ ಅವಳ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ, ಗುರುತಿಲ್ಲದವರಾದರೂ ಸರಿ. ಗಂಡ ಬೇಗ ತೀರಿಕೊಂಡ. ಒಬ್ಬಳೇ ಮಗಳಿದ್ದಳು, ಅವಳೂ ಎರಡು ವರ್ಷ ತುಂಬುವ ಮೊದಲೇ ಜ್ವರ ಬಂದು ಹೋದಳು. ಎಲ್ಲರ ಬಾಯಲ್ಲೂ ಅವಳು ಗುಂಡು. ಅಷ್ಟು ದುಂಡಗೆ, ತುಂಬಿದ ಕೆನ್ನೆಯ ಮಗುವಂತೆ. ನನಗೆ ಅಕ್ಕನಾಗಬೇಕಾಗಿದ್ದವಳು, ನಾನು ಅವಳ ಮುಖ ನೋಡಿರಲಿಲ್ಲ, ಒಂದು ಫೋಟೋ ಕೂಡ ಇರಲಿಲ್ಲ. ಆಗೆಲ್ಲ ಫೋಟೋ ತೆಗೆಸುವುದು ನಮ್ಮಂಥವರ ಮನೆಯ ಮಾತಾಗಿರಲಿಲ್ಲ. ಅಮ್ಮ ಹೋದ ಮೇಲೆ ದೊಡ್ಡಮ್ಮ ನನ್ನ ಜೊತೆಗಿದ್ದಾಳೆ. ನನ್ನದು ಹೊಲಿಗೆ ಅಂಗಡಿ. ನಾನು ಹೊಲಿಯುತ್ತೇನೆ, ಅವಳು ಇಸ್ತ್ರಿ ಹಾಕಿ ಮಡಚಿಡುತ್ತಾಳೆ, ಗಿರಾಕಿಗಳು ಅವಳನ್ನು ಹೊಗಳಿ ನನ್ನ ಹತ್ತಿರ ಚೌಕಾಸಿ ಮಾಡುತ್ತಾರೆ.

ಅವಳು ಕೆಲಸಕ್ಕಿದ್ದ ಬಂಗಲೆ ಈಗ ಚಿತ್ರಗಳ ಮ್ಯೂಸಿಯಂ. ಯಜಮಾನರ ವಂಶದಲ್ಲಿ ಯಾರೂ ಉಳಿದಿಲ್ಲ. ಮಂಗಳವಾರ ಅಲ್ಲಿ ಪ್ರವೇಶ ಪುಕ್ಕಟೆ. ಪ್ರತಿ ಮಂಗಳವಾರ ಊಟ ಮುಗಿಸಿ, ತಲೆ ಬಾಚಿಕೊಂಡು, ಒಗೆದ ಬಟ್ಟೆ ಉಟ್ಟು ದೊಡ್ಡಮ್ಮ ಹೊರಟುಬಿಡುತ್ತಿದ್ದಳು. "ಈ ವಯಸ್ಸಿನಲ್ಲಿ ನಿನಗೆ ಕಲೆಯ ಹುಚ್ಚು ಹಿಡಿದಿದೆ, ಎಲ್ಲಿ ಹೇಳಿಕೊಳ್ಳಲಿ!" ಎಂದು ನಾನು ಕಾಡಿಸುತ್ತಿದ್ದೆ. ಅವಳು ನಗುತ್ತಿದ್ದಳು. ಹಳೆಯ ಮನೆಯ ನೆನಪು, ಹೋಗಿ ಕೂತು ಬರಲಿ ಎಂದು ನಾನೂ ಸುಮ್ಮನಿದ್ದೆ.

ಒಂದು ಮಂಗಳವಾರ ಬಂದು, "ಚಿತ್ರವನ್ನ ದುರಸ್ತಿಗೆ ಇಳಿಸಿದಾರೆ ಕಣೇ" ಎಂದಳು.

"ಯಾವ ಚಿತ್ರ?"

"ಬಂಗಲೆ ಅಮ್ಮಾವ್ರದ್ದು. ಮಗು ಕೂರಿಸ್ಕೊಂಡು ಇದಾರಲ್ಲ, ಅದು. ಒಳ್ಳೇದೇ ಆಯ್ತು ಬಿಡು, ಮುಖದ ಮೇಲೆ ಎಷ್ಟು ಹೊಗೆ ಕೂತಿತ್ತು. ತೊಳೆಸಿಕೊಂಡು ಬರ್ಲಿ." ಅವತ್ತು ಅವಳು ಖುಷಿಯಲ್ಲೇ ಇದ್ದಳು.

ಆಮೇಲಿನ ವಾರಗಳಲ್ಲೂ ಅವಳು ಹೋಗುವುದನ್ನು ಬಿಡಲಿಲ್ಲ. ಖಾಲಿ ಗೋಡೆ ನೋಡುವುದಕ್ಕೆ ಬಸ್ಸು ಹತ್ತಿ ಹೋಗುವವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಅಷ್ಟರಲ್ಲಿ ಬಚ್ಚಲಲ್ಲಿ ಜಾರಿ ಮಂಡಿ ಊದಿಸಿಕೊಂಡಳು. ಮಂಗಳವಾರ ಬಂತು. ಬೇಡ ಎಂದೆ. ಗೋಡೆಗೆ ಹೇಳಿದ ಹಾಗಾಯಿತು. ಕೊನೆಗೆ ಅಂಗಡಿ ಮುಚ್ಚಿ, ಬೈಯುತ್ತಲೇ ಅವಳ ಜೊತೆ ಹೊರಟೆ.

ಒಳಗೆ ಹೋಗುವಾಗ ದೊಡ್ಡಮ್ಮ ಕಾಲೊರಸಿಗೆ ಎರಡೆರಡು ಸಲ ಕಾಲು ಒರೆಸಿದಳು. "ಈ ಬಾಗಿಲಲ್ಲಿ ಆಗ ನಮಗೆ ಪ್ರವೇಶ ಇರಲಿಲ್ಲ" ಎಂದಳು. ಕೆಲಸದವರಿಗೆ ಹಿಂದಿನ ಕಿರಿದಾದ ಮೆಟ್ಟಿಲು. ಈಗ ಆ ಮೆಟ್ಟಿಲಿಗೆ ಹಗ್ಗ ಕಟ್ಟಿದ್ದಾರೆ, ಯಾರಿಗೂ ಪ್ರವೇಶವಿಲ್ಲ. ನೆಲ ನಮ್ಮ ಮುಖ ಕಾಣುವಷ್ಟು ಹೊಳೆಯುತ್ತಿತ್ತು, ಮೇಣದ ವಾಸನೆ. ಕಂಬದಷ್ಟು ಎತ್ತರದ ಕಿಟಕಿಗಳು. ಗೋಡೆಯ ತುಂಬ ಮೀಸೆಯವರು, ಒಡವೆಯವರು, ಬೇಟೆನಾಯಿಗಳು. ಮಕ್ಕಳನ್ನು ಮಲಗಿಸುತ್ತಿದ್ದ ಕೋಣೆಯನ್ನು ದೊಡ್ಡಮ್ಮ ತೋರಿಸಿದಳು. ಅದೀಗ ಹೆಂಗಸರ ಶೌಚಾಲಯ. "ತೊಟ್ಟಿಲು ಇದ್ದದ್ದು ಅಲ್ಲಿ, ಕೈ ತೊಳೆಯೋ ಬೇಸಿನ್ ಇದೆಯಲ್ಲ, ಅಲ್ಲಿ" ಎಂದಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮಹಡಿಯ ಹಾಲ್‌ನಲ್ಲಿ ಕಾವಲಿನವನೊಬ್ಬ ಕುರ್ಚಿಯಲ್ಲಿ ಕೂತಿದ್ದ. ದೊಡ್ಡಮ್ಮ ಅವನನ್ನು ಕುರ್ಚಿಯಣ್ಣ ಎನ್ನುತ್ತಾಳೆ. ಅವನಿಗೆ ಇವಳು ಮಂಗಳವಾರದಮ್ಮ. ನಮ್ಮನ್ನು ಕಂಡು ಎದ್ದು ಬಂದ.

"ಮಂಗಳವಾರದಮ್ಮಾ, ಸುದ್ದಿ ಕೇಳಿದ್ರಾ? ನಿಮ್ಮ ಚಿತ್ರದೊಳಗೆ ಇನ್ನೊಂದು ಮುಖ ಸಿಕ್ಕಿದೆ!"

"ಏನಂದೆ?"

"ಮಗುವಿನ ಮುಖದ ಕೆಳಗೆ. ಎಕ್ಸ್‌ರೇ ತೆಗೆದ್ರಂತೆ, ಮನುಷ್ಯರಿಗೆ ತೆಗೆದ ಹಾಗೆ! ಕೆಳಗಿರೋದೇ ಅಸಲಿ ಅಂತೆ. ಮೇಲಿಂದು ಆಮೇಲೆ ಯಾರೋ ಬಳಿದದ್ದು. ಅದನ್ನ ಒರೆಸಿ ತೆಗೀತಾ ಇದಾರೆ. ಮುಂದಿನ ವಾರ ತರ್ತಾರೆ, ಹೊಸದಾಗಿ ಕಾಣುತ್ತೆ ನೋಡಿ."

ಪಾಪ, ಅವನು ಸಿಹಿಸುದ್ದಿ ಎಂದೇ ಹೇಳಿದ. ದೊಡ್ಡಮ್ಮ ನನ್ನ ತೋಳು ಹಿಡಿದುಕೊಂಡಳು. ಬೆಂಚಿನ ಮೇಲೆ ಕೂರಿಸಿದೆ. ಎದುರಿಗೆ ಬರೀ ಗೋಡೆ, ಚಿತ್ರವಿದ್ದ ಕಡೆ ಬಣ್ಣ ಮಾಸದೆ ಉಳಿದ ದೊಡ್ಡ ಚೌಕ.

"ಏನಾಯ್ತು ದೊಡ್ಡಮ್ಮ? ಮಂಡಿನಾ?"

"ಅದು ಗುಂಡು ಕಣೇ" ಎಂದಳು. "ಮೇಲಿನ ಮುಖ. ಅದು ನಮ್ಮ ಗುಂಡು."

ಅಲ್ಲೇ, ಪಿಸುಮಾತಿನಲ್ಲಿ, ಅವಳು ಹೇಳಿದ್ದು ಇಷ್ಟು. ಯಜಮಾನಿ ಮಗನನ್ನು ತೊಡೆಯ ಮೇಲಿಟ್ಟುಕೊಂಡು ಚಿತ್ರ ಬರೆಸಿಕೊಂಡರು. ಆ ಹುಡುಗ ಹುಟ್ಟಿದಾಗಿನಿಂದ ಕಾಯಿಲೆಯವನು, ಬಡಕಲು. ಚಿತ್ರಗಾರ ಇದ್ದದ್ದನ್ನು ಇದ್ದ ಹಾಗೆ ಬರೆದ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಆ ತಾಯಿಗೆ ಮಾತ್ರ ಹೆತ್ತದ್ದು ಚಿತ್ರದಲ್ಲಿ ಮುದ್ದಾಗಿ ಕಾಣಲಿಲ್ಲ. "ಇದೇನು, ನಾಳೆ ಸಾಯೋ ಮಗುವಿನ ಹಾಗಿದೆ" ಎಂದರಂತೆ. ಅದೇ ವಯಸ್ಸಿನ ಗುಂಡು ಬಾಗಿಲ ಹತ್ತಿರ ಅಂಬೆಗಾಲಿಡುತ್ತಿದ್ದಳು. ಅವಳಿಗೇ ಹುಡುಗನ ಟೋಪಿ, ರೇಷ್ಮೆ ಅಂಗಿ ತೊಡಿಸಿ ಯಜಮಾನಿಯ ತೊಡೆಯ ಮೇಲೆ ಕೂರಿಸಿದರು. ಚಿತ್ರಗಾರ ಮೊದಲ ಮುಖದ ಮೇಲೆ ಗುಂಡುವಿನ ಮುಖ ಬರೆದ. ಯಜಮಾನಿ ನೋಡಿ, "ಈಗ ನನ್ನ ಮಗನ ಹಾಗಿದಾನೆ" ಎಂದರು. ಯಜಮಾನರಿಗೆ ತಿಳಿಯಬಾರದೆಂದು ದೊಡ್ಡಮ್ಮನಿಂದ ಮಾತು ತೆಗೆದುಕೊಂಡರು.

"ಅವಳು ನಾನು ಕಾಣದಿದ್ರೆ ಅಳ್ತಿದ್ಲು. ಅದಕ್ಕೆ ನಾನು ಚಿತ್ರಗಾರರ ಪಕ್ಕ ನಿಂತು ಉಗ್ರಾಣದ ಬೀಗದಕೈ ಗೊಂಚಲು ಅಲ್ಲಾಡಿಸ್ತಿದ್ದೆ. ನನ್ನನ್ನೇ ನೋಡಿ ನಗ್ತಿದ್ಲು. ಹಾಗೇ ಬರೆದ್ರು. ಇಲ್ಲಿ ಕೂತ್ರೆ ಈಗ್ಲೂ ನನ್ನನ್ನೇ ನೋಡ್ತಾಳೆ ಕಣೇ. ಅಷ್ಟೇ ದೊಡ್ಡವಳು. ಅಳತೆ ಸಹ ಹಾಗೇ ಇದೆ."

ನನಗೆ ಮೈಯೆಲ್ಲ ಉರಿಯಿತು. "ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೆಯಲ್ಲ! ಯಜಮಾನರೂ ಸತ್ತರು, ಯಜಮಾನಿಯೂ ಸತ್ತರು, ಇನ್ಯಾರಿಗೆ ಹೆದರಿದ್ದೆ?"

"ಕೊಟ್ಟ ಮಾತು..." ಎಂದಳು. ಆಮೇಲೆ, "ಹೇಳಿದ್ರೆ ನಂಬದೆ, ಒಳಗೇ ಬಿಡದೆ ಹೋದ್ರೆ ಅಂತ."

ಕುರ್ಚಿಯಣ್ಣ ಕೇಳಿಸಿಕೊಂಡಿದ್ದ. ನಮ್ಮನ್ನು ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ಕೋಣೆಗೆ ಕರೆದುಕೊಂಡು ಹೋದ.

ಜಗಳಕ್ಕೆಂದೇ ಸೊಂಟ ಕಟ್ಟಿ ಹೋಗಿದ್ದೆ. ಆ ಮೇಡಂ ಒಳ್ಳೆಯವರು. ಅದೇ ತೊಂದರೆಯಾಯಿತು. ಕುರ್ಚಿ ಕೊಟ್ಟರು, ನೀರು ಕೊಟ್ಟರು, ಪೂರ್ತಿ ಕೇಳಿಸಿಕೊಂಡರು. ಹುಡುಗನ ಒಂದು ಹಳೆಯ ಫೋಟೋ ಸಿಕ್ಕಿದೆಯಂತೆ, ಕೆಳಗಿನ ಮುಖ ಅದಕ್ಕೆ ತಾಳೆಯಾಗುತ್ತದೆಯಂತೆ. ಮೇಲಿನದು ತಾಳೆಯಾಗುವುದಿಲ್ಲ. ಹಾಗಾಗಿ ಅದು ಬೇರೆ ಯಾರದೋ ಕೈಕೆಲಸ ಎಂದು ಮ್ಯೂಸಿಯಂನ ಸಮಿತಿ ತೀರ್ಮಾನ ಮಾಡಿತ್ತು.

"ತಾಳೆ ಹೇಗಾಗುತ್ತೆ ಮೇಡಂ? ಅದು ಬೇರೆ ಮಗು!" ಎಂದೆ.

"ನಾನು ನಂಬ್ತೀನಿ. ಆದ್ರೆ ಸಮಿತಿಯವರು ಸಾಕ್ಷಿ ಕೇಳ್ತಾರೆ."

"ಸಾಕ್ಷಿನಾ? ಆಗ ಇದ್ದೋರೆಲ್ಲ ನಿಮ್ಮ ಗೋಡೆ ಮೇಲೆ ನೇತಾಡ್ತಾ ಇದಾರೆ. ಅವರನ್ನೇ ಕೇಳಿ!"

"ಸುಮ್ನಿರೇ" ಎಂದು ದೊಡ್ಡಮ್ಮ ನನ್ನ ಕೈ ಅದುಮಿದಳು.

ಮೇಡಂ ನಮ್ಮ ಎದುರೇ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದರು. ಬೇಡಿಕೊಂಡ ಹಾಗೇ ಮಾತಾಡಿದರು, ಸುಳ್ಳು ಹೇಳಬಾರದು. ಹೌದು ಸಾರ್, ಇಲ್ಲ ಸಾರ್, ವಯಸ್ಸಾದವರು ಸಾರ್. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಅವರು ಫೋನ್ ಕೆಳಗಿಟ್ಟರು.

"ಒಪ್ಪಲಿಲ್ಲ ಅಮ್ಮ. ಒಪ್ಪಿದ್ರೂ... ಬಹಳಷ್ಟು ತೆಗೆದಾಗಿದೆ. ತೆಗೆದದ್ದನ್ನ ಮತ್ತೆ ಹಾಕೋಕೆ ಬರಲ್ಲ."

"ಎಷ್ಟು ಉಳಿದಿದೆ?" ದೊಡ್ಡಮ್ಮ ಕೇಳಿದಳು. ಅಷ್ಟೂ ಹೊತ್ತಿನಲ್ಲಿ ಅವಳು ಆ ಕೋಣೆಯಲ್ಲಿ ಕೇಳಿದ್ದು ಅದೊಂದೇ ಮಾತು.

ದುರಸ್ತಿ ಕೋಣೆ ಹಿಂದುಗಡೆ, ಮೊದಲು ಬಟ್ಟೆ ಒಣಹಾಕುತ್ತಿದ್ದ ಜಾಗ. ಚಿತ್ರವನ್ನು ಓರೆಯಾಗಿ ನಿಲ್ಲಿಸಿ ಮೇಲೆ ದೀಪ ಬಿಟ್ಟಿದ್ದರು. ಮೂಗಿಗೆ ಅಡರುವ ಔಷಧಿಯ ವಾಸನೆ. ದುರಸ್ತಿಯವನು, ಕನ್ನಡಕದ ಸಣ್ಣಗಿನ ಮನುಷ್ಯ, ಕಡ್ಡಿಯ ತುದಿಗೆ ಹತ್ತಿ ಸುತ್ತಿ ಔಷಧಿಯಲ್ಲಿ ಅದ್ದಿ ಇಷ್ಟಿಷ್ಟೇ ಒರೆಸುತ್ತಿದ್ದ.

ಹಣೆ, ಕಣ್ಣು, ಮೂಗು ಎಲ್ಲ ಆ ಹುಡುಗನದಾಗಿತ್ತು. ಬಿಳಿಚಿದ, ಬತ್ತಿದ ಮುಖ, ಕಣ್ಣು ಎತ್ತಲೋ ಕಿಟಕಿಯ ಕಡೆ. ಅದರ ಕೆಳಗೆ ಉಳಿದಿದ್ದದ್ದು ಒಂದು ತುಂಬಿದ ಬಾಯಿ, ಗುಳಿ ಬಿದ್ದ ಗಲ್ಲ. ನಗುತ್ತಿತ್ತು. ನನ್ನ ಅಕ್ಕನನ್ನು ನಾನು ಎದುರಿಗೆ ನೋಡಿದ್ದು ಅಷ್ಟೇ, ಬಾಯಿ ಮತ್ತು ಗಲ್ಲ. ನಮ್ಮ ಅಮ್ಮನದೇ ಗಲ್ಲ.

ದೊಡ್ಡಮ್ಮ ಸ್ಟೂಲಿನ ಮೇಲೆ ಕೂತಳು. ಮೇಡಂ ಮೆಲ್ಲಗೆ ಎಲ್ಲ ಹೇಳಿದ ಮೇಲೆ ದುರಸ್ತಿಯವನು ಕಡ್ಡಿಯನ್ನು ಕೆಳಗಿಟ್ಟುಬಿಟ್ಟ. "ನನಗೂ ಅನುಮಾನ ಇತ್ತು. ಮೇಲಿನದನ್ನೂ ಇಷ್ಟು ಚೆನ್ನಾಗಿ ಬರೆದಿದಾರಲ್ಲ, ಅದೇ ಕೈ ಇರಬೇಕು ಅಂತ. ಹೇಳಿದೆ ಕೂಡ. ನನ್ನ ಮಾತು ಯಾರು ಕೇಳ್ತಾರೆ?" ಎಂದ. ಮೇಡಂಗೆ ಸಮಿತಿ, ಇವನಿಗೆ ಮೇಡಂ, ಸಮಿತಿಗೆ ಇನ್ಯಾರೋ. ಬೈಯುವುದಕ್ಕೆ ಒಬ್ಬ ಸರಿಯಾದ ಮನುಷ್ಯ ಸಿಗಲಿಲ್ಲ.

"ಹಾಗೇ ಬಿಟ್ರೆ?" ಎಂದೆ.

"ಹೀಗೆ ಅರ್ಧಂಬರ್ಧ ಗೋಡೆಗೆ ಹಾಕಲ್ಲ. ನಾನು ಮಾಡದಿದ್ರೆ ನಾಳೆ ಇನ್ನೊಬ್ಬರು ಬಂದು ಮಾಡ್ತಾರೆ."

ಮೇಡಂ ಒಂದು ಫೋಟೋ ತಂದುಕೊಟ್ಟರು, ಒರೆಸುವ ಮೊದಲು ಹಿಡಿದದ್ದು. ಇಡೀ ಚಿತ್ರ ಅಂಗೈಯಗಲ, ಅದರಲ್ಲಿ ಮಗುವಿನ ಮುಖ ಹೆಬ್ಬೆರಳಿನ ಉಗುರಿನಷ್ಟು. ದೊಡ್ಡಮ್ಮ ಅದನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ಅವಳ ಕಣ್ಣಿಗೆ ಅದು ಎಲ್ಲಿ ಕಾಣಬೇಕು? "ಚೆನ್ನಾಗಿದೆ" ಎಂದು ನನ್ನ ಕೈಗೆ ಕೊಟ್ಟಳು.

ಆಮೇಲೆ ದುರಸ್ತಿಯವನಿಗೆ, "ಇನ್ನೊಬ್ಬರು ಬೇಡಪ್ಪ. ನಿನ್ನ ಕೈ ಮೆದುವಾಗಿದೆ. ನೀನೇ ಮಾಡು. ನಾನು ಇಲ್ಲೇ ಇರ್ತೀನಿ" ಎಂದಳು.

ನಾನು ಬೇಡವೆಂದೆ, ನಡಿ ಮನೆಗೆ ಎಂದೆ, ಎಳೆದೆ ಕೂಡ. ಅವಳು ಕದಲಲಿಲ್ಲ. ಅವನು ಕಡ್ಡಿ ಎತ್ತಿಕೊಂಡು ಹೊಸ ಹತ್ತಿ ಸುತ್ತಿದ. ಗಲ್ಲದ ಅಂಚಿನಿಂದ ಶುರುಮಾಡಿದ. ಹತ್ತಿಗೆ ಮೊದಲು ಕಂದು ಬಣ್ಣ ಬಂತು, ಆಮೇಲೆ ಗುಲಾಬಿ.

ಆಗ ಒಂದು ಸದ್ದು ಕೇಳಿಸಿತು. ದೊಡ್ಡಮ್ಮ ಚೀಲದಿಂದ ನಮ್ಮ ಮನೆಯ ಬೀಗದಕೈ ಗೊಂಚಲು ತೆಗೆದು, ಮಡಿಲಲ್ಲಿಟ್ಟುಕೊಂಡೇ ಸಣ್ಣಗೆ ಅಲ್ಲಾಡಿಸುತ್ತಿದ್ದಳು. ಬೇಕೆಂದು ಮಾಡುತ್ತಿದ್ದಳೋ, ಗೊತ್ತಿಲ್ಲದೆಯೋ, ನಾನು ಕೇಳಲಿಲ್ಲ. ಬಾಯಿ ಪೂರ್ತಿ ಹೋಗುವವರೆಗೂ ಅಲ್ಲಾಡಿಸಿದಳು. ಮೇಡಂ ಗೋಡೆಯ ಕಡೆ ತಿರುಗಿ ನಿಂತಿದ್ದರು. ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಕೆಳಗಿನಿಂದ ಹುಡುಗನ ಬಾಯಿ ಬಂತು, ಅಳುವುದಕ್ಕೆ ಸಿದ್ಧವಾದ ಹಾಗೆ ಸೊಟ್ಟಗಿದ್ದ ಸಣ್ಣ ಬಾಯಿ. ದೊಡ್ಡಮ್ಮ ಅದನ್ನೂ ನೋಡಿದಳು. "ಇವನೂ ನಾನು ಹಾಲು ಕೊಟ್ಟು ಬೆಳೆಸಿದವನೇ. ಇವನದೇನು ತಪ್ಪು" ಎಂದಳು. ಆಮೇಲೆ ಕೇಳಿದಳು, "ಒರೆಸಿದ ಹತ್ತಿ ಏನು ಮಾಡ್ತೀರಪ್ಪ?"

"ಬಿಸಾಡ್ತೀವಿ ಅಮ್ಮ."

"ಕಣ್ಣು ಒರೆಸಿದ್ದು?"

ಅವನು ಕನ್ನಡಕ ತೆಗೆದು ಒರೆಸಿಕೊಂಡ. "ಅದು ಹೋದ ವಾರವೇ ಕಸದ ಜೊತೆ ಹೋಯ್ತು."

"ಹೌದಾ" ಎಂದಳು. ಕೈ ಚಾಚಿದಳು. ಅವನು ತಟ್ಟೆಯಲ್ಲಿದ್ದ ಹತ್ತಿಯ ಉಂಡೆಗಳನ್ನು ಕಾಗದದಲ್ಲಿ ಸುತ್ತಿ, "ಬರಿಗೈಯಲ್ಲಿ ಮುಟ್ಟಬೇಡಿ, ಉರಿಯುತ್ತೆ" ಎಂದು ಕೊಟ್ಟ. ಅವಳು ಕಾಗದ ಬಿಚ್ಚಿ ಹತ್ತಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಬಸ್ಸಿನಲ್ಲಿ ಜನ ಕಿಕ್ಕಿರಿದಿದ್ದರು. ನಿಂತವರು ಅವಳ ಮೇಲೆ ವಾಲುತ್ತಿದ್ದರು, ಅವಳು ಆ ಕೈಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. ಕಂಡಕ್ಟರ್ ಬಂದ. ನಾನು ಟಿಕೆಟ್ ತೆಗೆದುಕೊಂಡೆ. ಅವನು ಅವಳ ಮುಷ್ಟಿ ನೋಡಿ ತಮಾಷೆಗೆ, "ಏನಜ್ಜಿ, ಅಷ್ಟು ಭದ್ರವಾಗಿ ಹಿಡ್ಕೊಂಡಿದೀರಿ? ಒಡವೆನಾ?" ಎಂದ.

ದೊಡ್ಡಮ್ಮ ಅವನ ಮುದುರಿದ ಕಾಲರನ್ನು ನೋಡಿದಳು, ಆದರೆ ಕೈ ಎತ್ತಲಿಲ್ಲ.

"ಏನಿಲ್ಲಪ್ಪ, ಹತ್ತಿ" ಎಂದಳು.