ಎರಡನೆಯ ಸಲದ ರಕ್ತ

ನಾನು ಓದು ಬಿಟ್ಟಿದ್ದು ೧೯೬೯ರಲ್ಲಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಇನ್ನೂ ಕೆಲವು ತಿಂಗಳಿತ್ತು. ಗದ್ದೆ ಕೆಲಸಕ್ಕೆ ಹೋಗಿದ್ದ ಅಪ್ಪ ಜ್ವರ ಹೊತ್ತುಕೊಂಡು ಬಂದು ಮಲಗಿದ. ಕಣ್ಣು ಹಳದಿಯಾಯಿತು. ಕಾಮಾಲೆ ಎಂದು ಸೊಪ್ಪಿನ ಔಷಧಿ ಕುಡಿಸಿದರು. ವಾರ ಕಳೆಯುವಷ್ಟರಲ್ಲಿ ಹೋಗಿಬಿಟ್ಟ. ಮನೆಗೆ ಹಿರಿಯ ಮಗ ನಾನೇ. ಮದ್ದೂರು ಬಸ್ ಸ್ಟ್ಯಾಂಡಿನ ಹತ್ತಿರ ಸೋಡಾ, ಶರಬತ್ತಿನ ಅಂಗಡಿ ಇಟ್ಟೆ. ಯಾರ ಮುಂದೆಯೂ ಕೈಚಾಚಲಿಲ್ಲ ಎಂಬುದನ್ನು ಈಗಲೂ ಹೆಮ್ಮೆಯಿಂದಲೇ ಹೇಳುತ್ತೇನೆ.

ಮೊನ್ನೆ ಮಳವಳ್ಳಿಗೆ ಹೋಗಿದ್ದಾಗ ಒಂದು ಸಾಮಿಲ್ಲಿನ ಮುಂದೆ ನನ್ನ ಗಾಡಿ ಕೆಟ್ಟು ನಿಂತಿತು. ಹಿಂದಿನ ದಿನದ ಮಳೆಗೆ ನೆನೆದ ಮರದ ಹೊಟ್ಟು... ಆ ವಾಸನೆ ಮೂಗಿಗೆ ಬಡಿದದ್ದೇ, ಡಾಕ್ಟ್ರಮ್ಮ ಕಣ್ಣಮುಂದೆ ಬಂದರು. ಆ ಕಾಲದಲ್ಲಿ ನಾನು ದಿನಾ ಬೆಳಿಗ್ಗೆ ಮಂಡ್ಯದಿಂದ ಬಸ್ಸಿನಲ್ಲಿ ಐಸ್ ಗಟ್ಟಿ ತರುತ್ತಿದ್ದೆ. ಕರಗದಿರಲೆಂದು ಗೋಣಿಚೀಲಕ್ಕೆ ಮರದ ಹೊಟ್ಟು ತುಂಬಿ ಅದರ ನಡುವೆ ಹೂತಿಡುತ್ತಿದ್ದೆ. ಆ ಐಸಿಗಾಗಿಯೇ ಡಾಕ್ಟ್ರಮ್ಮ ನನ್ನ ಅಂಗಡಿ ಹುಡುಕಿಕೊಂಡು ಬಂದದ್ದು, ೧೯೭೫ರ ದೀಪಾವಳಿ ಕಳೆದ ಮೇಲೆ.

ಅವರು ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು. ಗದ್ದೆಯಲ್ಲೂ ಕಬ್ಬಿನ ತಾಕಿನಲ್ಲೂ ನಿಂತ ನೀರಿಗೆ ಇಲಿಯ, ದನದ ಉಚ್ಚೆ ಸೇರುತ್ತದೆ, ಕಾಲಿನ ಗಾಯದಿಂದ ಅದು ಮೈಯೊಳಗೆ ಹೋಗಿ ಜ್ವರ ಬರುತ್ತದೆ, ನಮ್ಮ ಕಡೆ ಕಾಮಾಲೆ ಎನ್ನುವುದರಲ್ಲಿ ಎಷ್ಟೋ ಈ ಜ್ವರವೇ ಇರಬೇಕು ಎಂಬುದು ಅವರ ಅನುಮಾನ. ಮನುಷ್ಯರ ಡಾಕ್ಟರೂ ದನದ ಡಾಕ್ಟರೂ ಕೂಡಿ ಮಾಡುವ ಕೆಲಸ ಎಂದು ವಿಶ್ವವಿದ್ಯಾನಿಲಯ ಅವರಿಗೂ ಒಬ್ಬ ದನದ ಡಾಕ್ಟರಿಗೂ ಸೇರಿಸಿ ಒಂದಿಷ್ಟು ಹಣ ಕೊಟ್ಟಿತ್ತು. ಶುರು ಮಾಡುವುದಕ್ಕೆ ಮಾತ್ರ. ಏನಾದರೂ ಕಂಡರೆ ಆಮೇಲೆ ದೊಡ್ಡ ಹಣ, ಕಾಣದಿದ್ದರೆ ಅಲ್ಲಿಗೆ ಮುಗಿಯಿತು. ಇದನ್ನು ಬಿತ್ತನೆ ಹಣ ಅಂತಾರೆ ಎಂದು ನಕ್ಕಿದ್ದರು.

ಜ್ವರ ಇದ್ದಾಗ ಒಂದು ಸಲ, ಮೂರು ವಾರ ಬಿಟ್ಟು ಇನ್ನೊಂದು ಸಲ, ಒಬ್ಬರದೇ ರಕ್ತ ತೆಗೆಯಬೇಕು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಜ್ವರ ಯಾವುದೆಂದು ಹೇಳಬಹುದಂತೆ. ಅಲ್ಲಿಯವರೆಗೂ ಕೆಡದಂತೆ ಐಸಿನಲ್ಲಿಡಬೇಕು. ಮದ್ದೂರು ತಾಲ್ಲೂಕಿನ ಕೊಪ್ಪದ ಆಚೆಯ ಒಂದು ಊರಿಗೆ ಸೈಕಲ್ಲಿನ ಹಿಂದೆ ಐಸ್ ಕಟ್ಟಿಕೊಂಡು ನಾನೇ ಹೋಗುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ಅಪ್ಪನ ವಿಷಯವನ್ನೆಲ್ಲ ಹೇಳಿ, ಅವನಿಗೆ ಬಂದದ್ದೂ ಇದೇ ಜ್ವರವೇ ಎಂದು ಕೇಳಿದೆ. ಡಾಕ್ಟ್ರಮ್ಮ ಕೈಯಲ್ಲಿದ್ದ ಬಾಟ್ಲಿಯನ್ನು ಐಸಿನಲ್ಲಿಟ್ಟು ನನ್ನ ಕಡೆ ತಿರುಗಿದರು.

"ಇರಬಹುದು ಅಂತ ಮನಸ್ಸಿಗೆ ಅನ್ಸುತ್ತೆ. ಆದ್ರೆ ಹೌದು ಅಂತ ಹೇಳೋಕೆ ನನ್ನ ಕೈಲಿ ಇನ್ನೂ ಏನೂ ಇಲ್ಲ. ಈ ಕೆಲಸ ಮುಗೀಲಿ, ಹೇಳ್ತೀನಿ" ಎಂದರು.

ಮೊದಲನೆಯ ಸಲದ ರಕ್ತ ಸಲೀಸಾಗಿ ಸಿಕ್ಕಿತು. ಡಾಕ್ಟ್ರಮ್ಮ ಜ್ವರಕ್ಕೆ ಔಷಧಿಯನ್ನೂ ಕೊಟ್ಟರು. ಎರಡನೆಯ ಸಲಕ್ಕೆ ಸರಿಯಾಗಿ ಅವರ ವಿಭಾಗದ ಮುಖ್ಯಸ್ಥರು ಪರೀಕ್ಷೆ ಕೆಲಸ ಇದೆ ಎಂದು ರಜೆ ಕೊಡಲಿಲ್ಲ. ಹೊಲ ಗದ್ದೆ ತಿರುಗುವುದು ಡಾಕ್ಟರ ಕೆಲಸವಲ್ಲ ಎಂದೂ ಅಂದರಂತೆ. ಡಾಕ್ಟ್ರಮ್ಮನ ಬದಲು ಒಬ್ಬ ಕಾಂಪೌಂಡರು ಬಂದರು. ಜಗಲಿಯ ಮೇಲೆ ಕೂತು ಒಂದೊಂದೇ ಹೆಸರು ಕೂಗಿದರು. ಕೂಗಿದ ಹೆಸರಿಗೆಲ್ಲ ಒಬ್ಬೊಬ್ಬರು ಎದ್ದು ಬಂದು ತೋಳು ಚಾಚಿದರು. ನಾನು ಆ ಊರಿನವನಲ್ಲ, ಕಾಂಪೌಂಡರೂ ಆ ಊರಿನವರಲ್ಲ. ಯಾರ ಮುಖ ಯಾರದೆಂದು ನಮಗೇನು ಗೊತ್ತು?

ಸಂಕ್ರಾಂತಿಯ ಹೊತ್ತಿಗೆ ಡಾಕ್ಟ್ರಮ್ಮ ಮುಖ ಸಣ್ಣದು ಮಾಡಿಕೊಂಡು ಬಂದರು. ಮೊದಲಿನ ರಕ್ತಕ್ಕೂ ಎರಡನೆಯದಕ್ಕೂ ತಾಳೆಯೇ ಇಲ್ಲ, ಜ್ವರವೇ ಬರದವರ ರಕ್ತದಂತಿದೆ ಎಂದು ದನದ ಡಾಕ್ಟರು ಹೇಳಿಬಿಟ್ಟಿದ್ದರು. ಡಾಕ್ಟ್ರಮ್ಮನೂ ನಾನೂ ಆ ಊರಿಗೆ ಹೋದೆವು. ಊರ ಯಜಮಾನರು ಮಜ್ಜಿಗೆ ಕೊಟ್ಟು, ಕೆಲಸ ಹೇಗಾಯಿತೆಂದು ತಾವೇ ಕೇಳಿದರು. ಡಾಕ್ಟ್ರಮ್ಮ ಹೇಳಿದ್ದನ್ನು ಕೇಳಿ ಅವರಿಗೆ ಆಶ್ಚರ್ಯವೋ ಆಶ್ಚರ್ಯ.

"ಜ್ವರ ಬಿದ್ದು ಎದ್ದೋರ್ ಮೈಲಿ ರಕ್ತ ಎಲ್ಲೈತೆ ಕಣವ್ವ? ಅವರ್ನ ಮನೇಲಿ ಮಲಗ್ಸಿ, ಅವರ ಬದ್ಲಿಗೆ ಗಟ್ಟಿ ಆಳ್ನೇ ಕಳಿಸ್ದೋ. ಅಣ್ಣನ ಬದ್ಲು ತಮ್ಮ, ಅತ್ತೆ ಬದ್ಲು ಸೊಸೆ. ಒಂದ್ ಮನೇನೂ ತಪ್ಪಿಸ್ಲಿಲ್ಲ."

ನಮ್ಮ ಕಡೆ ಮುಯ್ಯಾಳು ಎಂದು ಒಂದು ಪದ್ಧತಿ. ಇವತ್ತು ನನ್ನ ಗದ್ದೆಗೆ ನೀನು ಬಂದರೆ ನಾಳೆ ನಿನ್ನ ಗದ್ದೆಗೆ ನಾನು. ನನಗೆ ಆಗದಿದ್ದರೆ ನನ್ನ ಮನೆಯಿಂದ ಇನ್ನೊಂದಾಳು ಹೋಗಬೇಕು. ಕಾಯಿಲೆಯವನನ್ನು ಕಳಿಸಿದರೆ ಮನೆಗೇ ಅವಮಾನ. ಡಾಕ್ಟ್ರಮ್ಮ ಮೊದಲ ಸಲ ಜ್ವರಕ್ಕೆ ಔಷಧಿ ಕೊಟ್ಟಿದ್ದರಲ್ಲ, ಈ ರಕ್ತ ಅದಕ್ಕೆ ಮುಯ್ಯಿ ತೀರಿಸುವುದಕ್ಕೆ ಎಂದೇ ಊರವರು ತಿಳಿದಿದ್ದರು.

"ಆ ಸೊರಗಿದೋರ ರಕ್ತವೇ ಬೇಕಿತ್ತು ಯಜಮಾನ್ರೇ" ಎಂದರು ಡಾಕ್ಟ್ರಮ್ಮ. ದನಿ ಏರಿಸಲಿಲ್ಲ.

"ಅಯ್ಯೋ, ಅದ್ಕೇನು? ಈಗ್ಲೇ ತಗಳಿ, ಕರೀತೀನಿ" ಎಂದು ಯಜಮಾನರು ಹೆಗಲ ಮೇಲಿನ ಟವೆಲ್ಲು ಕೊಡವಿ ಎದ್ದರು.

ಈಗಲೂ ತಡವಾಗಿಲ್ಲ, ಜ್ವರದ ಗುರುತು ರಕ್ತದಲ್ಲಿ ಇನ್ನೂ ಇರುತ್ತದೆ ಎನ್ನುವಾಗ ಡಾಕ್ಟ್ರಮ್ಮನ ಮುಖ ಸ್ವಲ್ಪ ಅರಳಿತು. ಮುಂದಿನ ವಾರವೇ ಸಾಮಾನು ತಂದರು. ಈ ಸಲ ಜ್ವರ ಬಂದಿದ್ದವರೇ ಬಂದು ಸಾಲಾಗಿ ಕೂತರು. ಒಬ್ಬ ಮುದುಕಿಯಂತೂ, ನನ್ ಸೊಸೆದು ಸುಮ್ಸುಮ್ನೆ ತಗಂಡ್ರಲ್ಲವ್ವ, ವಾಪಸ್ ಕೊಡ್ರಿ ಎಂದು ಎಲ್ಲರನ್ನೂ ನಗಿಸಿದಳು. ಡಾಕ್ಟ್ರಮ್ಮ ನಕ್ಕದ್ದನ್ನು ನಾನು ಕೊನೆಯದಾಗಿ ನೋಡಿದ್ದು ಅವತ್ತೇ ಇರಬೇಕು...

ರಕ್ತ ಸಿಕ್ಕಿತು. ಪರೀಕ್ಷೆ ಮಾಡುವವರು ಸಿಗಲಿಲ್ಲ. ಮೊದಲ ಸಲ ತಾಳೆಯಾಗದ್ದನ್ನೇ ಹಿಡಿದುಕೊಂಡು ವಿಶ್ವವಿದ್ಯಾನಿಲಯದವರು ಕೆಲಸ ಮುಚ್ಚಿದರು. ಮನುಷ್ಯರ ರಕ್ತ, ಅವರ ಕಡೆಯೇ ನೋಡಿಕೊಳ್ಳಲಿ ಎಂದು ದನದ ಡಾಕ್ಟರ ಮೇಲಿನವರು ಅಂದರು. ದನದ ರೋಗ, ನಮಗ್ಯಾಕೆ ಎಂದು ಡಾಕ್ಟ್ರಮ್ಮನ ಮೇಲಿನವರು ಅಂದರು. ಕೂಡಿ ಮಾಡಿ ಎಂದು ಹಣ ಕೊಟ್ಟದ್ದು ಇದೇ ವಿಶ್ವವಿದ್ಯಾನಿಲಯ! ಬಿತ್ತನೆಗೆ ಎಂದು ಕೊಟ್ಟ ಮೇಲೆ ಮೊಳಕೆ ಬರುವವರೆಗಾದರೂ ಕಾಯುವುದು ಬೇಡವೇ? ಹೊಲದಲ್ಲಿ ಒಂದು ದಿನ ನಿಂತವನಿಗೂ ಗೊತ್ತಿರುವ ಮಾತು ಇದು. ನೆನೆದರೆ ಈಗಲೂ ಮೈ ಉರಿಯುತ್ತದೆ.

ಯಾರನ್ನಾದರೂ ಒಪ್ಪಿಸಿ ಬರುತ್ತೇನೆ, ಅಲ್ಲಿಯವರೆಗೆ ಇವು ನಿಮ್ಮ ಹತ್ತಿರ ಇರಲಿ ಎಂದು ರಕ್ತದ ಬಾಟ್ಲಿಗಳನ್ನು ಡಾಕ್ಟ್ರಮ್ಮ ನನಗೆ ಒಪ್ಪಿಸಿ ಹೋದರು. ಅವಕ್ಕೆಂದೇ ಬೇರೆ ಪೆಟ್ಟಿಗೆ ಮಾಡಿಸಿದೆ. ದಿನಾ ಎರಡು ಹೊತ್ತು ಐಸ್ ಬದಲಾಯಿಸಿದೆ. ಪಕ್ಕದ ಸೈಕಲ್ ಶಾಪಿನ ಗೆಳೆಯ ರೇಗಿಸದೆ ಬಿಡುತ್ತಿರಲಿಲ್ಲ.

"ಏನ್ಲಾ, ಆ ಪೆಟ್ಗೆ ಐಸ್ನೇ ನಮ್ ಸರ್ಬತ್ಗೂ ಹಾಕ್ತೀಯೇನ್ಲಾ?"

"ಇಲ್ಲ ಕಣ್ಲಾ. ಅದು ಒಳ್ಳೇ ಐಸು. ನಿಂಗೆ ಹಾಕದು ಬ್ಯಾರೆ."

ಯುಗಾದಿ ಹತ್ತಿರವಾದಾಗ ಒಂದು ಮಧ್ಯಾಹ್ನ ಡಾಕ್ಟ್ರಮ್ಮ ಬಂದರು. ಬಸ್ಸಿಳಿದು ಬರುವಾಗಲೇ, ಯಾರೂ ಒಪ್ಪಿಲ್ಲವೆಂದು ನನಗೆ ಗೊತ್ತಾಯಿತು. ಶರಬತ್ತು ಕೊಟ್ಟೆ, ಮುಟ್ಟಲಿಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಬಾಟ್ಲಿಗಳನ್ನು ಸುಮ್ಮನೆ ನೋಡಿದರು.

"ಎಷ್ಟು ಚೆನ್ನಾಗಿ ಇಟ್ಟಿದ್ದೀರಿ... ಇನ್ನು ಐಸ್ ಹಾಕೋದು ಬೇಡ" ಎಂದರು.

ಅವನ್ನು ತಮ್ಮ ಚೀಲಕ್ಕೆ ಹಾಕಿಕೊಂಡು ಹೊರಟರು. ಅಪ್ಪನ ವಿಷಯ ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಆಮೇಲೆ ದೂರದ ಊರಿಗೆ ವರ್ಗವಾಯಿತೆಂದು ಕೇಳಿದೆ. ಮತ್ತೆ ನೋಡಲಿಲ್ಲ.

ಎಷ್ಟೋ ವರ್ಷದ ಮೇಲೆ ಸರ್ಕಾರಿ ಆಸ್ಪತ್ರೆಯ ಗೋಡೆಯ ಮೇಲೆ ಇಲಿ ಜ್ವರ ಎಂದು ದೊಡ್ಡದಾಗಿ ಬರೆದ ಬೋರ್ಡು ಕಂಡಿತು. ಗಾಯದ ಕಾಲಿನಲ್ಲಿ ಗದ್ದೆಗೆ ಇಳಿಯಬೇಡಿ ಎಂದಿತ್ತು. ಅದರ ಮುಂದೆ ನಿಂತು, ಇದನ್ನು ನಾವು ಆಗಲೇ ತಿಳಿಯಬಹುದಿತ್ತಲ್ಲ ಎಂದುಕೊಂಡೆ. ನಡುವೆ ಆ ಜ್ವರ ಹೊತ್ತು ಹೋದವರು ಎಷ್ಟು ಮಂದಿಯೋ. ಡಾಕ್ಟ್ರಮ್ಮನೂ ಹೋಗಿ ಬಹಳ ಕಾಲವಾಯಿತು ಎಂದು ಅವರ ಶಿಷ್ಯರೊಬ್ಬರು ಸಿಕ್ಕಾಗ ತಿಳಿಯಿತು. ನಿಮ್ಮಪ್ಪನಿಗೆ ಏನಾಗಿತ್ತು ಎಂದು ಯಾರಾದರೂ ಕೇಳಿದರೆ ಈಗಲೂ ಕಾಮಾಲೆ ಎಂದೇ ಹೇಳುತ್ತೇನೆ. ಬೇರೆ ಹೇಳಲು ನನ್ನ ಕೈಯಲ್ಲಿಯೂ ಏನೂ ಇಲ್ಲ.

ಮಿಕ್ಕದ್ದೆಲ್ಲ ಇದೆ. ಮಂಡ್ಯದ ಗುತ್ತಲಿನಲ್ಲಿ ಒಂದು ಮನೆ. ಒಂದು ಐಸ್ ಫ್ಯಾಕ್ಟರಿ, ಎರಡು ಗಾಡಿ, ಕೆಲಸಕ್ಕೆ ಐದು ಜನ. ಇಬ್ಬರು ಹೆಣ್ಣುಮಕ್ಕಳು, ಇಬ್ಬರೂ ಡಿಗ್ರಿ ಮುಗಿಸಿದ್ದಾರೆ.