‘ಆಂಡ್’ ಎಂದು ಬರೆದ ಹುಡುಗಿ

ನಾನು ಬಸವಕಲ್ಯಾಣದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ಮನೆ ಹುಮನಾಬಾದಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. ವಾಕ್ಯಕ್ಕೆ ವಾಕ್ಯ ಕೂಡಿಸುವ ಇಂಗ್ಲಿಷ್ ಪದಗಳನ್ನು ನನ್ನಷ್ಟು ಚೆನ್ನಾಗಿ ಕಲಿಸುವವರು ಈ ಕಡೆ ಯಾರೂ ಇಲ್ಲ ಎಂಬ ಜಂಬ ನನಗೆ ಬಹಳ ದಿನ ಇತ್ತು. ‘ಬಿಕಾಸ್’ ಕಾರಣ ಹೇಳುತ್ತದೆ, ‘ಬಟ್’ ಮುಂಚಿನ ಮಾತಿಗೆ ಅಡ್ಡ ನಿಲ್ಲುತ್ತದೆ, ‘ಆಂಡ್’ ಮಾತ್ರ ಪಾಪದ್ದು, ಎರಡು ಸಂಗತಿಗಳನ್ನು ಪಕ್ಕಪಕ್ಕ ಕೂರಿಸಿ ಸುಮ್ಮನಿರುತ್ತದೆ ಎಂದು ಹೇಳುತ್ತಿದ್ದೆ. ಪುಸ್ತಕದ ಉದಾಹರಣೆ ನನಗೆ ಬೇಡ, ನೀವು ಕಣ್ಣಾರೆ ಕಂಡದ್ದನ್ನೇ ಬರೆಯಿರಿ ಎನ್ನುತ್ತಿದ್ದೆ. ಹಾಗೆ ಹೇಳಿದ್ದು ನಾನೇ, ಬೇರೆ ಯಾರನ್ನೂ ದೂರುವಂತಿಲ್ಲ.

ಹತ್ತನೇ ತರಗತಿಯಲ್ಲಿ ಮಂಠಾಳದಿಂದ ಬರುವ ಒಬ್ಬ ಹುಡುಗಿ ಇದ್ದಳು. ತಂದೆ ಇಲ್ಲ, ತಾಯಿ ಹೊಲದ ಕೂಲಿಗೆ ಹೋಗುತ್ತಿದ್ದರು. ಹತ್ತನೇ ಮುಗಿದ ಮೇಲೆ ಮಗಳನ್ನು ಓದಿಗೆ ಊರು ಬಿಟ್ಟು ಕಳಿಸಲು ತಾಯಿಗೆ ಹೆದರಿಕೆ. ಹುಮನಾಬಾದಿನ ಕಾಲೇಜಿಗೆ ಹಾಕಿ, ಹಾಸ್ಟೆಲ್ ಸಿಗುತ್ತದೆ ಎಂದು ಹೇಳಲು ಒಂದು ರವಿವಾರ ಅವರ ಮನೆಗೆ ಹೋದೆ. ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು. ತಾಯಿ ಸ್ಟೀಲ್ ಗ್ಲಾಸಿನಲ್ಲಿ ಚಹಾ ತಂದು ನನ್ನ ಮುಂದೆ ಇಟ್ಟರು.

ಆ ಓಣಿಯ ಮನೆಗಳಲ್ಲಿ ನಮ್ಮವರು ನೀರು ಕುಡಿಯುವುದಿಲ್ಲ. ನನಗೆ ಹಾಗೆಂದು ಯಾರೂ ಬಾಯಿ ಬಿಟ್ಟು ಹೇಳಿರಲಿಲ್ಲ, ಆದರೂ ನನ್ನ ಕೈ ಮುಂದೆ ಹೋಗಲಿಲ್ಲ. ಇಷ್ಟು ಓದಿದವನ ಕೈ!

“ಎದೆಯುರಿ ಐತ್ರಿ, ಡಾಕ್ಟರ್ ಚಾ ಬ್ಯಾಡ ಅಂದಾರ,” ಎಂದೆ.

“ಅಯ್ಯ, ಗೊತ್ತಿರ್ಲಿಲ್ರಿ ಸರ್, ಮದ್ಲೇ ಕೇಳಬೇಕಿತ್ತು ನಾ,” ಎಂದು ಆಕೆ ನೊಂದುಕೊಂಡರು. ಹೊರಡುವಾಗ, “ಆಕಿ ಕಾಕಾನ್ನ ಕೇಳಿ ನೋಡ್ತೀನ್ರಿ. ಇನ್ನೊಮ್ಮೆ ಬರ್ರಿ. ನೀವು ಹೇಳಾಕತ್ತೀರಿ ಅಂದ್ರ ನಂಗ ಧೈರ್ಯ,” ಎಂದರು. ಮರುದಿನ ಮಗಳ ಕೈಯಲ್ಲಿ ಹುರಿದ ಜೀರಿಗೆಯ ಪೊಟ್ಟಣ ಬಂತು. ಅದನ್ನು ಸ್ಟಾಫ್ ರೂಮಿನ ಟೇಬಲ್ಲಿನ ಡ್ರಾಯರಿಗೆ ಹಾಕಿ ಮರೆತೆ.

ಆ ವಾರ ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಬರೆದಿದ್ದಳು: ಸರ್ ನಮ್ಮ ಮನೆಯಲ್ಲಿ ಚಹಾ ಕುಡಿಯಲಿಲ್ಲ, ಬಿಕಾಸ್ ಅವರಿಗೆ ಎದೆಯುರಿ. ಕೆಂಪು ಪೆನ್ನಿನಿಂದ ‘ಗುಡ್’ ಎಂದು ಬರೆದುಕೊಟ್ಟೆ.

ಮುಂದಿನ ರವಿವಾರ ನಮ್ಮ ಹುಮನಾಬಾದಿನ ಪಕ್ಕದ ಮಾಣಿಕನಗರದ ಆಟೋ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನಾನು ಪೇಪರ್ ಕಪ್ ಹಿಡಿದು ನಿಂತಿದ್ದೆ. ಅದು ಎರಡನೆಯ ಚಹಾ. ಎದುರಿಗೆ ಆ ಹುಡುಗಿ. ಅಲ್ಲಿ ಅವಳ ಸೋದರತ್ತೆಯ ಮನೆ ಇತ್ತಂತೆ. ನನ್ನನ್ನು ನೋಡಿದಳು, ಕಪ್ಪನ್ನೂ ನೋಡಿದಳು. “ನಮಸ್ತೆ ಸರ್,” ಎಂದು ಹೋಗಿಬಿಟ್ಟಳು.

ಸೋಮವಾರ ಅವಳ ನೋಟ್‌ಬುಕ್ ತೆರೆಯಲು ನನಗೆ ಅಂಜಿಕೆಯಾಯಿತು. ಕಡೆಯ ವಾಕ್ಯ ಹೀಗಿತ್ತು: ಸರ್‌ಗೆ ಎದೆಯುರಿ ಇದೆ, ಆಂಡ್ ಅವರು ಮಾಣಿಕನಗರದಲ್ಲಿ ಚಹಾ ಕುಡಿಯುತ್ತಾರೆ.

ಅಲ್ಲಿ ‘ಬಟ್’ ಬರಬೇಕು ಎಂಬುದು ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಅವಳಿಗೇ ಗೊತ್ತಿತ್ತು. ತಿದ್ದಿದರೆ ನನ್ನ ಸುಳ್ಳನ್ನು ನನ್ನ ಕೈಯಾರೆ ಒಪ್ಪಿದಂತೆ. ನಾನು ತಿದ್ದಲಿಲ್ಲ, ಸರಿ ಎಂದು ಗುರುತು ಹಾಕಿದೆ. ಮಾಸ್ತರನಾಗಿ ಅಷ್ಟು ಸಣ್ಣವನು ನಾನು ಹಿಂದೆಂದೂ ಆಗಿರಲಿಲ್ಲ. ಅವಳು ಮನೆಯಲ್ಲೂ ಬಾಯಿ ಬಿಟ್ಟಿರಲಿಲ್ಲ. ತಾಯಿಗೆ ನನ್ನ ಮಾತಿನ ಮೇಲಿದ್ದ ನಂಬಿಕೆ ಹೋದರೆ ತನ್ನ ಓದು ಹೋಯಿತು ಎಂದು ಅವಳಿಗೆ ತಿಳಿದಿತ್ತು. ನನ್ನ ಮಾನ ಕಾಯುವ ಕೆಲಸ ಹದಿನೈದರ ಹುಡುಗಿಯ ಮೇಲೆ ಬಿದ್ದಿತ್ತು.

ಎರಡನೆಯ ಸಲ ಮಂಠಾಳಕ್ಕೆ ಹೋಗುವಾಗ, ಈ ಸಲ ಕುಡಿಯಲೇಬೇಕು, ನಾನೇ ಕೇಳಿ ಕುಡಿಯಬೇಕು ಎಂದು ಬಸ್ಸಿನುದ್ದಕ್ಕೂ ಅಂದುಕೊಂಡೆ. ಹೋಗಿ ಕೂತೆ. ಕೇಳುವ ಮೊದಲೇ ಹುಡುಗಿ ಒಳಗಿನಿಂದ ಚಹಾ ತಂದಳು, ಪೇಪರ್ ಕಪ್ಪಿನಲ್ಲಿ. ಅಂಗಡಿಯಿಂದ ತಂದ ಹೊಸ ಕಪ್ಪು.

“ಡಾಕ್ಟರ್ ಈಗ ಕುಡೀರಿ ಅಂದಾರಂತವ್ವ,” ಎಂದಳು.

“ಮತ್ತ ಇದ್ಯಾಕ? ಸ್ಟೀಲ್ ಗ್ಲಾಸ್ ಇಲ್ಲೇನು ಮನ್ಯಾಗ?” ಎಂದು ತಾಯಿ ಕೇಳಿದರು.

“ಸರ್ ಇದರಾಗ ಕುಡೀತಾರ.”

ಅವಳ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. ತಾಯಿ ಮಗಳ ಮುಖ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಗ್ಲಾಸಿನಲ್ಲೇ ಕೊಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಚಹಾದಲ್ಲಿ ಶುಂಠಿ ಹಾಕಿದ್ದರು. ತಲೆ ತಗ್ಗಿಸಿ ಪೂರ್ತಿ ಕುಡಿದೆ.

ತಾಯಿ, “ಕಳಸ್ತೀನ್ರಿ. ಆಕೀಗಿ ಎಲ್ಲಾ ತಿಳೀತೈತಿ,” ಎಂದರು. ಈ ಸಲ ಅವರು ನನ್ನನ್ನು ಸರ್ ಎನ್ನಲಿಲ್ಲ.

ಖಾಲಿ ಕಪ್ಪನ್ನು ಆ ಮನೆಯಲ್ಲಿ ಎಲ್ಲಿಡಬೇಕೋ ತಿಳಿಯಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಬಸ್ ಹತ್ತಿದೆ.