ಕಂಪ್ಯೂಟರಿಗೆ ನೊಗ ಹೂಡಿದ್ದು

ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ನನ್ನ ಮೀಸೆ ಬೋಳಿಸಿ. ಎಂಬತ್ತರ ದಶಕದಲ್ಲಿ, ಹೊಸೂರಿಗೆಲ್ಲ ನಾನೊಬ್ಬನೇ ಬುದ್ಧಿವಂತನಾದ್ದರಿಂದ, ನಮ್ಮ ಫ್ಯಾಕ್ಟರಿಗೆ ಕಂಪ್ಯೂಟರ್ ಆರಿಸುವ ಹೊಣೆ ನನಗೇ ಬಿತ್ತು.

“ನಿಧಾನದ್ದು ಆರಿಸಿದ್ರೆ ನಿನ್ನ ಕೆಲಸ ಹೋಯ್ತು ಕಣ್ಲಾ” ಅಂದಿದ್ದರು ಮ್ಯಾನೇಜರು.

ಒಂದೊಂದು ಯಂತ್ರ ಮಾರಲು ಬಂದ ಇಬ್ಬರೂ ತಾವೇ ತಂದ ಲೆಕ್ಕ ಅದರಲ್ಲಿ ಮಾಡಿಸಿ ತೋರಿಸಿ, ತಮ್ಮದೇ ವೇಗ ಅಂದರು. ನಾನು ಬಿಡ್ತೀನಾ?

“ಸ್ವಾಮಿ, ಸೂಳಗಿರಿ ಸಂತೇಲಿ ಎತ್ತು ಕೊಳ್ಳೋನು ಮಾರೋನ ಹೊಲ್ದಲ್ಲಿ ಉತ್ತು ನೋಡಲ್ಲ, ತನ್ನ ಹೊಲ್ದಲ್ಲೇ ಹೂಡ್ತಾನೆ. ಎರಡೂ ನಮ್ಮ ಸ್ಟೋರಿನ ಲೆಕ್ಕಾನೇ ಮಾಡ್ಲಿ” ಅಂದೆ.

ಒಂದು, ನಾನು ಟೀ ಕುಡಿದಿಡುವಷ್ಟರಲ್ಲಿ ಮುಗಿಸಿತು. ಇನ್ನೊಂದು ಊಟದ ಗಂಟೆ ಹೊಡೆದರೂ ಗುಂಯ್‌ಗುಟ್ಟುತ್ತಿತ್ತು.

“ಉಳ್ಕೊಂಡೆ ಕಣ್ಲಾ!” ಅಂತ ಮ್ಯಾನೇಜರು ಬೆನ್ನು ತಟ್ಟಿದಾಗ ಹೋದ ಜೀವ ಬಂತು.

ಸರಿ, ಒಂದು ಸಣ್ಣ ಸುಳ್ಳಿದೆ: ಆ ಟೀ ನಾನು ಕುಡಿಯಲಿಲ್ಲ. ಕೆಲಸ ಹೋಗುವ ಭಯದಲ್ಲಿ ಎಲ್ಲ ಷರಟಿನ ಮೇಲೆ ಚೆಲ್ಲಿಕೊಂಡಿದ್ದೆ.